ಕೆಂಪು ಕೈಗಳ ಗುಹೆಗೆ ಹೋಗುವ ಮುನ್ನ

ಪ್ರೀತಿಯ ಪೋಷಕರೇ,

ನಮಸ್ಕಾರ. ಮುಂದಿನ ತಿಂಗಳ ಮೊದಲ ಶನಿವಾರ ನಮ್ಮ ಭಾನುವಾರದ ಕನ್ನಡ ಶಾಲೆಯ ಮಕ್ಕಳನ್ನು ಸಿಡ್ನಿಯ ಪಶ್ಚಿಮದ ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಗ್ಲೆನ್‌ಬ್ರೂಕ್ ಹತ್ತಿರ ಇರುವ ರೆಡ್ ಹ್ಯಾಂಡ್ಸ್ ಕೇವ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಕನ್ನಡ ಶಾಲೆಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಹೆಸರಿಗೆ ಗುಹೆ, ನಿಜವಾಗಿ ಅದು ಮರಳುಗಲ್ಲಿನ ದೊಡ್ಡ ಬಂಡೆಯ ಚಾಚಿನ ಕೆಳಗಿನ ಜಾಗ. ಅದರ ಗೋಡೆ ತುಂಬ ಕೈಗಳು. ಈ ಸೀಮೆಯ ಮೂಲನಿವಾಸಿಗಳಾದ ದಾರುಗ್ ಜನರ ಕೈಗಳು. ಕೆಮ್ಮಣ್ಣಿನ ಪುಡಿಯನ್ನು ನೀರಿನ ಜೊತೆ ಬಾಯಲ್ಲಿ ತುಂಬಿಕೊಂಡು, ಬಂಡೆಗೆ ಒತ್ತಿ ಹಿಡಿದ ಕೈ ಮೇಲೆ ಉಗುಳಿದಂತೆ ಊದುತ್ತಿದ್ದರು. ಕೈ ತೆಗೆದರೆ ಸುತ್ತ ಬಣ್ಣ, ನಡುವೆ ಬರೀ ಕಲ್ಲು. ಕೆಂಪು ಜಾಸ್ತಿ, ಹಳದಿ, ಬಿಳಿಯೂ ಇವೆ. ಒಂದರ ಮೇಲೊಂದು ಬಿದ್ದ ಕೈಗಳೂ ಇವೆ. ಇವು 500ರಿಂದ 1,600 ವರ್ಷ ಹಳೆಯವು ಎಂದು ಅಂದಾಜು. ದೊಡ್ಡವರ ಕೈಗಳ ನಡುವೆ ಮಕ್ಕಳ ಪುಟ್ಟ ಕೈಗಳನ್ನು ಹುಡುಕಿ ನೋಡಿ ಅಂತ ನಿಮ್ಮ ಮಕ್ಕಳಿಗೆ ಈಗಲೇ ಹೇಳಿಡಿ. ಯಾರೋ ಆ ಮಗುವನ್ನು ಎತ್ತಿ ಹಿಡಿದೋ, ಪಕ್ಕದಲ್ಲಿ ನಿಲ್ಲಿಸಿಕೊಂಡೋ ಕೈ ಒತ್ತಿಸಿರಬೇಕು, ಅಲ್ವಾ?

1913ರಲ್ಲಿ ಕಳೆದುಹೋದ ಮಗುವೊಂದನ್ನು ಹುಡುಕುತ್ತ ಹೋದವರಿಗೆ ಈ ಜಾಗ ಸಿಕ್ಕಿತು ಎನ್ನುತ್ತಾರೆ. ಸಿಕ್ಕಿದ್ದು ವಲಸೆ ಬಂದವರಿಗೆ. ದಾರುಗ್ ಜನರಿಗೆ ಅದು ಮೊದಲಿಂದಲೂ ಗೊತ್ತಿದ್ದ ಜಾಗ. 1813ರಲ್ಲಿ ಮೂವರು ಬಿಳಿಯರು ಈ ಬೆಟ್ಟ ದಾಟಿದ್ದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ದಾರುಗ್ ಮತ್ತು ಅವರ ನೆರೆಯ ಗುಂಡುಂಗುರ್ರಾ ಜನ ಅದಕ್ಕೂ ಸಾವಿರಾರು ವರ್ಷ ಮೊದಲಿಂದ ಇಲ್ಲಿ ಓಡಾಡಿಕೊಂಡಿದ್ದರು. ಅದನ್ನೂ ಮಕ್ಕಳು ತಿಳಿಯಬೇಕು ಎಂಬುದು ನನ್ನ ಆಸೆ.

ಇನ್ನು ಸಂಬಂಧದ ಮಾತು. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳಲು ನಾವು ಎಷ್ಟು ಒದ್ದಾಡುತ್ತೇವೆ ಎಂಬುದು ನಿಮಗೇ ಗೊತ್ತು. ದಾರುಗ್ ಕುಟುಂಬಗಳು ತಮ್ಮ ಮಾತನ್ನು ಮತ್ತೆ ಕಲಿಯುತ್ತಿವೆ. ಪಟ್ಯೆಗರಾಂಗ್ ಎಂಬ ಮೂಲನಿವಾಸಿ ಹುಡುಗಿ ವಿಲಿಯಂ ಡಾವ್ಸ್ ಎಂಬ ಬ್ರಿಟಿಷ್ ಅಧಿಕಾರಿಗೆ ಸಿಡ್ನಿಯ ಮೂಲನಿವಾಸಿಗಳ ಮಾತು, ಅಂದರೆ ದಾರುಗ್ ಮಾತಿಗೆ ತೀರ ಹತ್ತಿರದ ಮಾತು, ಹೇಳಿಕೊಟ್ಟಿದ್ದಳು. ಅವನು 1790ರ ಸುಮಾರಿಗೆ ಬರೆದಿಟ್ಟ ನೋಟ್‌ಬುಕ್‌ಗಳು ಇವತ್ತಿಗೂ ಆ ಕಲಿಕೆಗೆ ನೆರವಾಗುತ್ತಿವೆ. ಭಾಷೆ ಕಲಿಸುವ ಶಾಲೆಗೆ ಇದಕ್ಕಿಂತ ಹತ್ತಿರದ ಪಾಠ ಎಲ್ಲಿದೆ?

ದೊಡ್ಡ ಮಕ್ಕಳು ಸುಮಾರು 8 ಕಿಲೋಮೀಟರ್ ಸುತ್ತುದಾರಿ ನಡೆಯುತ್ತಾರೆ. ದಾರಿಯಲ್ಲಿ ಹಳ್ಳದ ಪಕ್ಕದ ಬಂಡೆಯ ಮೇಲೆ ಉದ್ದುದ್ದ ತಗ್ಗುಗಳಿವೆ. ನೀರು ಹಾಕಿ ಹಾಕಿ ಕಲ್ಲಿನ ಕೊಡಲಿಗೆ ಸಾಣೆ ಹಿಡಿದ ಗುರುತು ಅವು. ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇವೆ. ನೀರು, ಮೆತ್ತನೆಯ ಮರಳುಗಲ್ಲು, ನೆರಳು ಎಲ್ಲವೂ ಒಂದೇ ಕಡೆ ಇದ್ದದ್ದರಿಂದಲೇ ಜನ ಇಲ್ಲಿಗೆ ಬರುತ್ತಿದ್ದರು ಎಂಬುದು ಅಲ್ಲಿ ಕೂತಾಗ ಅರ್ಥವಾಗುತ್ತದೆ. ಸುತ್ತ ನೀಲಗಿರಿ ಜಾತಿಯ ಮರಗಳ ಕಾಡು. 2000ದಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಈ ಬೆಟ್ಟಸಾಲಿನಲ್ಲಿ ನೀಲಗಿರಿ ಜಾತಿಗಳೇ 90ಕ್ಕೂ ಹೆಚ್ಚು ಇವೆ.

ಒಂದು ವಿಷಯ ಮಾತ್ರ ದಯವಿಟ್ಟು ಮನೆಯಲ್ಲೇ ಹೇಳಿ ಕಳಿಸಿ. ಗೋಡೆಯ ಮೇಲೆ ಕೈ ಕಂಡರೆ ತಮ್ಮ ಕೈಯನ್ನೂ ಅಲ್ಲಿಟ್ಟು ಅಳೆಯಬೇಕು ಅಂತ ಮಕ್ಕಳಿಗೆ ಅನ್ನಿಸುವುದು ಸಹಜ. ಹಿಂದೆ ಬಂದವರು ಗೀಚಿ ಕೆಡಿಸಿದ್ದರಿಂದಲೇ ಈಗ ಮುಂದೆ ತಡೆ ಹಾಕಿದ್ದಾರೆ. ಕೈಯ ಬೆವರು, ಎಣ್ಣೆ ತಗಲಿದರೂ ಬಣ್ಣ ಹಾಳಾಗುತ್ತದೆ. ತಡೆ ಹತ್ತುವುದು, ಬಂಡೆ ಮುಟ್ಟುವುದು, ಕಲ್ಲು ಎತ್ತಿಕೊಂಡು ಬರುವುದು ಬೇಡವೇ ಬೇಡ. ಕಾನೂನಿಗೂ ಇದು ತಪ್ಪು. ಅದಕ್ಕಿಂತ ಹೆಚ್ಚಾಗಿ, ಆ ಕೈಗಳ ಮೊಮ್ಮಕ್ಕಳ ಮೊಮ್ಮಕ್ಕಳು ಇದೇ ಊರಲ್ಲಿ ನಮ್ಮ ಜೊತೆ ಬದುಕುತ್ತಿದ್ದಾರೆ.

ಊರಿಂದ ಬಂದಿರುವ ಅಜ್ಜಿ-ತಾತಂದಿರೂ ಬರಬಹುದು. ಅವರಿಗೂ ಚಿಕ್ಕ ಮಕ್ಕಳಿಗೂ ಗುಹೆಯ ಕಾರ್ ಪಾರ್ಕ್‌ನಿಂದ ಹತ್ತಿರದ ದಾರಿ ಇದೆ. ಬುತ್ತಿ, ನೀರು, ಟೋಪಿ, ಗಟ್ಟಿ ಶೂ ಇರಲಿ. ಜೋರು ಮಳೆ ಬಂದರೆ ಹಳ್ಳ ದಾಟುವ ರಸ್ತೆ ಮುಚ್ಚುತ್ತದೆ. ಹಾಗಾದರೆ ಹಿಂದಿನ ಸಂಜೆಯೇ ತಿಳಿಸುತ್ತೇವೆ. ಒಪ್ಪಿಗೆ ಚೀಟಿಯನ್ನು ಬರುವ ಭಾನುವಾರ ಮಕ್ಕಳ ಕೈಲಿ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ