ಪಿಲಾತನ ಕಾಸಿಗೆ ಹುಣಸೆಹುಳಿ ಹಚ್ಚಬೇಡ

ಚಿರಂಜೀವಿಗೆ ಆಶೀರ್ವಾದಗಳು.

ನೀನು ಕೊಂಡ ಪ್ರೂಟಾವನ್ನು, ಎಂದರೆ ರೋಮ್ ಪರವಾಗಿ ಯೂದಾಯವನ್ನು ಆಳಿದ ಪಿಲಾತನ ಕಾಲದ ಕಂಚಿನ ಚಿಲ್ಲರೆ ಕಾಸನ್ನು, ಪೂಜೆಯ ಚೊಂಬಿನಂತೆ ಹುಣಸೆಹಣ್ಣು ಹಾಕಿ ಬೆಳಗಬೇಡ. ಸುಮಾರು 2000 ವರ್ಷದಲ್ಲಿ ಮೇಲಿನ ಲೋಹವೇ ಹಸಿರು-ಕಂದು ಪೊರೆಯಾಗಿ ಮಾರ್ಪಟ್ಟಿದೆ. ಅಕ್ಷರಗಳು ಉಳಿದಿರುವುದು ಆ ಪೊರೆಯಲ್ಲೇ. ಹುಳಿ ಮೊದಲು ತಿನ್ನುವುದು ಅದನ್ನೇ.

ನೀರು ಮುಟ್ಟಿಸುವ ಮೊದಲು ತೂಗು, ಅಳೆ. ಸುಮಾರು 2 ಗ್ರಾಂ, 15ರಿಂದ 17 ಮಿಲಿಮೀಟರ್ ಇರಬೇಕು. ಅಂಚಿನ ಎರಡು ಕಡೆ ಮೊಂಡು ಚಾಚು ಕಂಡರೆ ಮುರಿದಿದೆ ಎಂದುಕೊಂಡು ಅರ ಹಾಕಬೇಡ. ಸುಣ್ಣಕಲ್ಲಿನ ಅಚ್ಚಿನಲ್ಲಿ ಗುಂಡು ಗುಳಿಗಳನ್ನು ಕಾಲುವೆಯಿಂದ ಜೋಡಿಸಿ ಕಂಚು ಎರೆಯುತ್ತಿದ್ದರು. ಬಿಲ್ಲೆಗಳು ಸರವಾಗಿ ಬಂದ ಮೇಲೆ ಠಸ್ಸೆ ಹೊಡೆದು ಕತ್ತರಿಸುತ್ತಿದ್ದರು. ಆ ಚಾಚು ಕಾಲುವೆಯ ಗುರುತು. ಚಿಲ್ಲರೆ ಕಾಸು, ಅವಸರದ ಕೆಲಸ. ಅದಕ್ಕೇ ಠಸ್ಸೆ ಪಕ್ಕಕ್ಕೆ ಸರಿದಿರುತ್ತದೆ.

ಇನ್ನು ವರ್ಷ. ಬೆಳಕನ್ನು ಓರೆಯಾಗಿ ಬಿಟ್ಟು, ಭೂತಗನ್ನಡಿ ಹಿಡಿದು ನೋಡು. ಒಂದು ಬದಿ ಕೊಕ್ಕೆಗೋಲು, ಇನ್ನೊಂದು ಬದಿ ಎಲೆಮಾಲೆ ಇದ್ದರೆ ವರ್ಷ ಮಾಲೆಯ ನಡುವೆ ಇರುತ್ತದೆ, ಠಸ್ಸೆ ಸರಿದರೂ ಸಾಮಾನ್ಯವಾಗಿ ಉಳಿಯುತ್ತದೆ. ಲ್ಯಾಟಿನ್ ಎಲ್‌ನಂತಿರುವ ಗುರುತಿಗೆ ‘ವರ್ಷ’ ಎಂದರ್ಥ. ಮುಂದಿನ ಗ್ರೀಕ್ ಅಕ್ಷರಗಳೇ ಅಂಕೆ. ರೋಮ್ ಚಕ್ರವರ್ತಿ ತಿಬೇರಿಯನ ಆಳ್ವಿಕೆಯ 17 ಅಥವಾ 18ನೇ ವರ್ಷ, ಎಂದರೆ ಕ್ರಿ.ಶ. 30ರಿಂದ 32ರೊಳಗೆ. ಹಿಡಿಯುಳ್ಳ ಸೌಟಿನ ಚಿತ್ರವಿದ್ದರೆ ವರ್ಷ ಅಂಚಿನ ಬರಹದ ತುದಿಯಲ್ಲಿದ್ದು, ಹೆಚ್ಚಾಗಿ ಬಿಲ್ಲೆಯ ಆಚೆಗೇ ಹೋಗಿರುತ್ತದೆ. ಚಿಂತೆಯಿಲ್ಲ. ಹಿಂಬದಿಯಲ್ಲಿ ಕಟ್ಟಿದ ಮೂರು ಜವೆಗೋಧಿ ತೆನೆ, ನಡುವಿನದು ನೆಟ್ಟಗೆ, ಅಕ್ಕಪಕ್ಕದವು ಬಾಗಿ ಕಂಡರೆ ಅದು 16ನೇ ವರ್ಷದ್ದೇ, ಕ್ರಿ.ಶ. 29-30. ಇಂಥ ಸಣ್ಣ ಕಾಸು ಇಷ್ಟು ನಿಖರವಾಗಿ ವರ್ಷ ಹೇಳುವುದು ನನಗೆ ಎಂದೂ ಹಳೆಯದಾಗದ ಸೋಜಿಗ.

ಮಣ್ಣು ಬಿಡಿಸಲು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸು, ದಿನಕ್ಕೊಮ್ಮೆ ಬದಲಿಸು, ಬಿದಿರುಕಡ್ಡಿಯಿಂದ ಮೆಲ್ಲಗೆ ತೆಗೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಕಂಚಿಗೆ ಅದೇ ವಿಷ. ಗಟ್ಟಿ ನುಣುಪು ಹಸಿರಿಗೆ ಹೆದರಬೇಡ. ಕಡ್ಡಿ ತಾಗಿಸಿದಾಗ ತಿಳಿಹಸಿರು ಪುಡಿ ಉದುರಿ, ನಾಲ್ಕು ದಿನಕ್ಕೆ ಮತ್ತೆ ಹುಟ್ಟಿದರೆ ಅದು ಕಂಚಿನ ರೋಗ. ಕೂಡಲೇ ಬೇರೆ ಡಬ್ಬಿಗೆ ಹಾಕು. ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 50 ಗ್ರಾಂ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಕರಗಿಸಿ ನೆನೆಹಾಕು, ದ್ರಾವಣವನ್ನು ಆಗಾಗ ಬದಲಿಸು. ವಾರಗಟ್ಟಲೆ ಹಿಡಿಯುತ್ತದೆ, ಬಣ್ಣ ಸ್ವಲ್ಪ ಬದಲಾದೀತು. ಆಮೇಲೆ ತೊಳೆದು ಪೂರ್ತಿ ಒಣಗಿಸು.

ಪಿವಿಸಿ ಚೀಲದಲ್ಲಿಡಬೇಡ. ಬಿಗಿ ಮುಚ್ಚಳದ ಗಾಜಿನ ಡಬ್ಬಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್; ಒಳಗಿನ ತೇವ ಶೇ. 40ಕ್ಕಿಂತ ಕೆಳಗಿರಲಿ. ನೀನಿರುವುದು ಮಂಗಳೂರು. ಆಷಾಢ ಹಿಡಿಯುವ ಮೊದಲೇ ಜೆಲ್ ಬದಲಿಸು, ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಮುಚ್ಚಳ ತೆರೆಯದೆ ಗಾಜಿನ ಮೇಲಿಂದಲೇ ನೋಡು.