ಭಾನುವಾರ ಇ-ಕಸ ಸಂಗ್ರಹ

ಜಯನಗರದ ನಮ್ಮ ಬೀದಿಯ ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 9ರಿಂದ 11ರವರೆಗೆ ಪಾರ್ಕ್ ಗೇಟ್ ಹತ್ತಿರ ಇ-ಕಸ ತೆಗೆದುಕೊಳ್ಳುತ್ತೇವೆ. ಹಳೆ ಮೊಬೈಲ್, ಚಾರ್ಜರ್, ಕೆಟ್ಟ ಮಿಕ್ಸಿ ಎಲ್ಲ ತನ್ನಿ. ಸುಮ್ನೆ ಬಿದ್ದಿರುವ ಫೋನಿನಲ್ಲೂ ತಾಮ್ರ, ಚೂರು ಚಿನ್ನ ಇರುತ್ತದೆ. ಅದನ್ನು ಮತ್ತೆ ಬಳಸಿದಷ್ಟೂ ಗಣಿ ಅಗೆಯುವುದು ಕಡಿಮೆ, ಅಲ್ವಾ?

ಬ್ಯಾಟರಿ ಮಾತ್ರ ಹುಷಾರು. ಒಣ ಕಸದ ಚೀಲಕ್ಕೆ ಹಾಕಲೇಬೇಡಿ. ಕಸದ ಲಾರಿಯಲ್ಲಿ ಒತ್ತಿದಾಗ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು. ಪೌರಕಾರ್ಮಿಕರು ಪಕ್ಕದಲ್ಲೇ ಇರುತ್ತಾರೆ. ತುದಿಗಳಿಗೆ ಟೇಪ್ ಅಂಟಿಸಿ ತನ್ನಿ. ಉಬ್ಬಿದ್ದರೆ ಚುಚ್ಚಬೇಡಿ, ಮೊದಲೇ ನನಗೆ ತಿಳಿಸಿ.

ಫೋನ್ ಕೊಡುವ ಮುಂಚೆ ಸಿಮ್ ತೆಗೆದು, ಫೋಟೊ, ಡೇಟಾ ಅಳಿಸಿ.

ಏನೇನು ತರುತ್ತೀರಿ ಎಂದು ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. ಹಿರಿಯರು ಒಂದು ಫೋನ್ ಮಾಡಿದರೆ ಸಾಕು, ನಾವೇ ಮನೆಗೆ ಬಂದು ಒಯ್ಯುತ್ತೇವೆ.