ಶಿಕ್ಷಣ ಸಚಿವರಿಗೊಂದು ಪತ್ರ: ಬಟ್ಟೆ ಚೀಲದ ಪ್ರಶ್ನೆಗೆ ಉತ್ತರ ಎಲ್ಲಿ ಕಲಿಯೋಣ?

ಮಾನ್ಯ ಶಿಕ್ಷಣ ಸಚಿವರೇ,

ಏಳನೇ ತರಗತಿಗೆ ಪಾಠ ಮಾಡುತ್ತಿದ್ದೆ. ಪ್ಲಾಸ್ಟಿಕ್ ಬಿಡಿ, ಬಟ್ಟೆ ಚೀಲ ಹಿಡಿಯಿರಿ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಹತ್ತಿ ಬೆಳೆಯೋಕೂ ನೀರು, ಗೊಬ್ಬರ ಬೇಕಲ್ವಾ? ಮತ್ತೆ ಅದು ಹೇಗೆ ಒಳ್ಳೇದು?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಒಳ್ಳೆ ಪ್ರಶ್ನೆ, ನಾಳೆ ಹೇಳ್ತೀನಿ" ಎಂದು ಕೂರಿಸಿದೆ. ನಮ್ಮ ವೃತ್ತಿಯ ಹಳೇ ಉಪಾಯ ಅದು.

ಮನೆಗೆ ಹೋಗಿ ಹುಡುಕಿದೆ. ಬ್ರಿಟನ್ನಿನ ಪರಿಸರ ಏಜೆನ್ಸಿ 2011ರಲ್ಲಿ ಇದನ್ನೇ ಲೆಕ್ಕ ಹಾಕಿತ್ತು. ಭೂಮಿ ಬಿಸಿಯಾಗುವುದನ್ನಷ್ಟೇ ನೋಡಿದರೆ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿಸಮ ಆಗಲು ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಕಾಗದದ್ದನ್ನು 3 ಸಲ. ಆದರೆ ಎಸೆದ ಚೀಲ ಚರಂಡಿಯಲ್ಲಿ ಸಿಕ್ಕಿಕೊಳ್ಳುವುದು, ಕಡಲು ಸೇರಿ ಆಮೆಯ ಹೊಟ್ಟೆಗೆ ಹೋಗುವುದು ಈ ಲೆಕ್ಕದಲ್ಲಿ ಇಲ್ಲ. ಮರುದಿನ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಎರಡು ಪಿರಿಯಡ್ ಸಾಲಲಿಲ್ಲ. ಮಕ್ಕಳು ಜಗಳಕ್ಕೇ ಬಿದ್ದರು. ಅಷ್ಟು ಖುಷಿಯಾಗಿ ನಾನು ಪಾಠ ಮಾಡಿ ಎಷ್ಟೋ ದಿನವಾಗಿತ್ತು.

ಸುಸ್ಥಿರತೆಯ ಅರಿವು ಅಂದರೆ ನನಗೆ ಇದೇ. ವಸ್ತು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅದರ ಹೊರೆ ಯಾರ ತಲೆ ಮೇಲೆ ಬೀಳುತ್ತದೆ ಎಂದು ಕೇಳುವ ಅಭ್ಯಾಸ. ಆ ಅಭ್ಯಾಸ ನಮಗೇ ಇಲ್ಲದಿದ್ದರೆ ಮಕ್ಕಳಿಗೆ ಹೇಗೆ ಬರಬೇಕು?

ಇದನ್ನು ಕಲಿಸಲೆಂದು ಶಿಕ್ಷಕರಿಗೆ ಕೊಡುವ ತರಬೇತಿಗೆ ನಾನೂ ಹೋಗಿದ್ದೆ. ಅದು ಒಂದು ದಿನದ್ದು. ಬೆಳಿಗ್ಗೆ ಹಾಜರಿ, ಆಮೇಲೆ ಸ್ಲೈಡೋ ಸ್ಲೈಡು, ಸಂಜೆ ಪ್ರಮಾಣಪತ್ರ, ಗುಂಪು ಫೋಟೋ. 'ವಿದ್ಯುತ್ ಉಳಿಸಿ' ಎಂಬ ಸ್ಲೈಡು ಬಂದಾಗ ಕಿಟಕಿಗೆಲ್ಲ ಪರದೆ ಎಳೆದು, ಹಗಲಲ್ಲೇ ಟ್ಯೂಬ್‌ಲೈಟ್ ಉರಿಸಿದ್ದರು. ಯಾರೂ ನಗಲೂ ಇಲ್ಲ.

ಇದು ನನ್ನೊಬ್ಬಳ ಗೋಳಲ್ಲ. 2021ರಲ್ಲಿ ಯುನೆಸ್ಕೋ ಹಲವು ದೇಶಗಳ ಸುಮಾರು 58,000 ಶಿಕ್ಷಕರನ್ನು ಕೇಳಿತು. ಹವಾಮಾನ ಬದಲಾವಣೆ ಎಷ್ಟು ಗಂಭೀರ ಎಂದು ಕಲಿಸುವ ಧೈರ್ಯ ಇದ್ದವರು ಶೇ. 40ಕ್ಕಿಂತ ಕಡಿಮೆ. ತಮ್ಮ ಸುತ್ತಮುತ್ತ ಅದರಿಂದ ಏನಾಗುತ್ತದೆ ಎಂದು ಚೆನ್ನಾಗಿ ವಿವರಿಸಬಲ್ಲೆವು ಅಂದವರು ಮೂರರಲ್ಲೊಬ್ಬರು. ಎಲ್ಲ ಮಕ್ಕಳಿಗೂ ಈ ತಿಳಿವಳಿಕೆ ಸಿಗಬೇಕೆಂದು 2015ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿಕೊಂಡ ಗಡುವು 2030.

ಹೊಸ ಪುಸ್ತಕ ಬೇಡ ಸರ್, ಈಗಿರುವುದೇ ಜಾಸ್ತಿ. ಒಂದು ದಿನದ ತರಬೇತಿ ನಿಲ್ಲಿಸಿ, ಅದೇ ಗುಂಪನ್ನು ವರ್ಷದಲ್ಲಿ ನಾಲ್ಕೈದು ಸಲ ಸೇರಿಸಿ. ನಡುವೆ ನಾವು ಒಂದೊಂದು ಪಾಠ ತರಗತಿಯಲ್ಲಿ ಮಾಡಿ ನೋಡುತ್ತೇವೆ. ಎಲ್ಲಿ ಕೆಟ್ಟಿತು ಅಂತ ಮುಂದಿನ ಸಲ ಬಂದು ಹೇಳುತ್ತೇವೆ. ವಿಜ್ಞಾನದವರನ್ನು ಮಾತ್ರ ಕರೆಯಬೇಡಿ. ಶಾಲೆಯ ಕರೆಂಟ್ ಬಿಲ್ಲು ಗಣಿತದವರಿಗೆ ಒಳ್ಳೆ ಪಾಠ. ನೀರು ಯಾರಿಗೆ ಎಷ್ಟು ಅನ್ನುವುದು ಸಮಾಜ ವಿಜ್ಞಾನದವರದ್ದು. ಇದಕ್ಕೆ ಕೆಲಸದ ಸಮಯದಲ್ಲೇ ಬಿಡುವು ಕೊಡಿ, ಭಾನುವಾರ ಬೇಡ.

ಇನ್ನೊಂದು ಮಾತು. "ನಾವು ದೊಡ್ಡವರಾಗೋಷ್ಟರಲ್ಲಿ ಎಲ್ಲ ಹಾಳಾಗಿರುತ್ತಾ?" ಎಂದು ಮಕ್ಕಳು ಕೇಳುತ್ತಾರೆ. ಹೆದರಿಸದೆ, ಸುಳ್ಳೂ ಹೇಳದೆ ಏನನ್ನಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ತರಬೇತಿ ಇಲ್ಲಿಂದ ಶುರುವಾದರೂ ಸರಿಯೇ.

ಮುಂದಿನ ತರಬೇತಿಗೆ ದಯವಿಟ್ಟು ಉದ್ಘಾಟನೆಗೆ ಬರಬೇಡಿ. ಇಡೀ ದಿನ ಹಿಂದಿನ ಸಾಲಿನಲ್ಲಿ ಕೂತು ನೋಡಿ. ನನ್ನ ಪಕ್ಕದ ಕುರ್ಚಿ ಹಿಡಿದಿಟ್ಟಿರುತ್ತೇನೆ.

ಇಂತಿ,
ಒಬ್ಬ ಶಿಕ್ಷಕಿ